ಕಮಾನು ಬೇಡ, ಕೊಳಾಯಿ ಮೊದಲು

(ಮೈಸೂರಿನ ದೊಡ್ಡ ಗಡಿಯಾರದಿಂದ ಕೂಗಳತೆಯ ದೂರದಲ್ಲಿ, ಹಳೇ ಪೇಟೆಯ ಬೀದಿಗೆ ಅಂಟಿಕೊಂಡ ಮೂರಂತಸ್ತಿನ ಹೋಟೆಲು. ಕಟ್ಟಿದ್ದು ಐವತ್ತರ ದಶಕದಲ್ಲಿ. ಕೆಳಗೆ ಅಂಗಡಿಗಳು ಮತ್ತು ಊಟದ ಹಾಲು, ಮೇಲೆ ರೂಮುಗಳು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅಜ್ಜ ಕಟ್ಟಿಸಿದ್ದನ್ನು ಈಗ ಮೊಮ್ಮಗಳು ನಡೆಸುತ್ತಿದ್ದಾಳೆ. ಅವಳ ಎದುರಿಗೆ ಕೂತವರು ಸಿವಿಲ್ ಇಂಜಿನಿಯರಿಂಗ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಮೇಜಿನ ಮೇಲೆ ಗುತ್ತಿಗೆದಾರ ಕೊಟ್ಟುಹೋದ ಬಣ್ಣದ ನಕ್ಷೆ.)

ಯಜಮಾನಿ: ಮುಂಭಾಗ ಪೂರ್ತಿ ಬದಲಾಗುತ್ತೆ ಮೇಷ್ಟ್ರೇ. ಬೀದಿಗೆ ಮೂರು ಕಮಾನು, ಮೇಲೆ ಎರಡು ಗುಮ್ಮಟ, ಬಣ್ಣ ಅರಮನೆಯದ್ದೇ. ಲಾಬಿಗೆ ಇಟಾಲಿಯನ್ ಮಾರ್ಬಲ್, ಕಾರಿಡಾರಿಗೆ ಮರದ ಪ್ಯಾನೆಲ್. ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಶೀಟು ಹೊದಿಸಿ ಅಡಿಗೆ ಏಸಿ. ದಸರಾಕ್ಕೆ ಬಾಗಿಲು ತೆಗೀಬಹುದು ಅಂತ ಹೇಳಿದ್ದಾನೆ.

ಮೇಷ್ಟ್ರು: ಗುಮ್ಮಟ ಯಾವುದರಲ್ಲಿ ಮಾಡ್ತಾನಂತೆ?

ಯಜಮಾನಿ: ಫೈಬರಿನಲ್ಲಿ. ಕಟ್ಟಡಕ್ಕೆ ಭಾರ ಬೀಳಲ್ಲವಂತೆ.

ಮೇಷ್ಟ್ರು: ಗುಮ್ಮಟದ ಭಾರ ಬೀಳಲ್ಲ, ಸರಿ. ಬಚ್ಚಲುಗಳ ಭಾರದ ಬಗ್ಗೆ ಏನಾದರೂ ಹೇಳಿದನಾ? ಅವನ ಪಟ್ಟಿಯನ್ನು ಎರಡು ಸಲ ಓದಿದೆ. ಕೊಳಾಯಿ ಅನ್ನೋ ಮಾತಿಲ್ಲ, ವೈರಿಂಗ್ ಅನ್ನೋ ಮಾತಿಲ್ಲ, ತಾರಸಿ ಅನ್ನೋ ಮಾತಿಲ್ಲ. ಹುಳುಕು ಹಲ್ಲಿಗೆ ಚಿನ್ನದ ಕಟ್ಟು ಹಾಕಿಸೋ ಲೆಕ್ಕ ಇದು.

ಯಜಮಾನಿ: ಕೊಳಾಯಿ ಯಾರ ಕಣ್ಣಿಗೂ ಬೀಳಲ್ಲ. ಜನ ಮೈಸೂರಿಗೆ ಬರೋದು ಅರಮನೆ ನೋಡೋಕೆ. ಉಳಿದುಕೊಳ್ಳೋ ಜಾಗದಲ್ಲೂ ಒಂದಿಷ್ಟು ಅರಮನೆ ಕಾಣಲಿ ಅಂತ ಬಯಸ್ತಾರೆ. ನಮ್ಮದನ್ನು ನೋಡಿದರೆ ಯಾವುದೋ ಸರ್ಕಾರಿ ಕಚೇರಿ ಅನ್ಕೋತಾರೆ. ಉದ್ದುದ್ದ ಸಿಮೆಂಟ್ ಸಜ್ಜೆ, ಚೌಕ ಕಿಟಕಿ, ಬಾಲ್ಕನಿಗೆ ತೂತುತೂತಿನ ಸಿಮೆಂಟ್ ಜಾಲಿ.

ಮೇಷ್ಟ್ರು: ಅರಮನೆಯ ವಿಷಯಾನೇ ತಗೊ. 1897ರಲ್ಲಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯಕ್ಕೆ ಹಳೇ ಮರದ ಅರಮನೆ ಬೆಂಕಿಗೆ ಆಹುತಿಯಾಯ್ತು. ಹೊಸದಕ್ಕೆ ನಕ್ಷೆ ಹಾಕಿದವನು ಹೆನ್ರಿ ಇರ್ವಿನ್. 1912ರ ಹೊತ್ತಿಗೆ ಕೆಲಸ ಮುಗೀತು. ಕಲ್ಯಾಣ ಮಂಟಪದಲ್ಲಿ ನಿಂತಿವೆಯಲ್ಲ ಎರಕದ ಕಬ್ಬಿಣದ ಕಂಬಗಳು, ಅವು ಗ್ಲಾಸ್ಗೋದಿಂದ ಹಡಗು ಹತ್ತಿ ಬಂದವು. ಸುಟ್ಟುಹೋದದ್ದರ ಜಾಗದಲ್ಲಿ ಸುಟ್ಟುಹೋದದ್ದನ್ನೇ ಮತ್ತೆ ಕಟ್ಟಲಿಲ್ಲ. ಆ ಕಾಲಕ್ಕೆ ಸಿಕ್ಕ ಹೊಸ ಸಾಮಾನು, ಹೊಸ ವಿದ್ಯೆ ಎಲ್ಲ ಹಾಕಿ ಕಟ್ಟಿದರು. ನಿನ್ನಜ್ಜ ಮಾಡಿದ್ದೂ ಅದನ್ನೇ. ಸಿಮೆಂಟು, ಕಬ್ಬಿಣ ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲದಲ್ಲಿ, ಇಷ್ಟು ತೆಳ್ಳಗೆ ನಾಲ್ಕಡಿ ಹೊರಚಾಚಿದ ಸಜ್ಜೆ ಹಾಕಿಸೋಕೆ ಗುಂಡಿಗೆ ಬೇಕಿತ್ತು ಕಣಮ್ಮ.

ಯಜಮಾನಿ: ಅರಮನೆಗೆ ಟಿಕೆಟ್ ಕೊಟ್ಟು ಹೋಗ್ತಾರೆ, ನಮ್ಮ ಸಜ್ಜೆಗೆ ಯಾರು ಕೊಡ್ತಾರೆ? ಹೆರಿಟೇಜ್ ಅಂದರೆ ಕಲ್ಲು, ಗಾರೆ, ಗೋಪುರ. ಐವತ್ತರ ದಶಕದ ಕಾಂಕ್ರೀಟನ್ನು ಯಾವ ಪಟ್ಟಿಗೆ ಸೇರಿಸ್ತಾರೆ? ಒಂದೊಂದು ರಾತ್ರಿ ಅನ್ನಿಸುತ್ತೆ, ಕೆಡವಿ ಹೊಸದು ಕಟ್ಟೋದೇ ವಾಸಿ ಅಂತ.

ಮೇಷ್ಟ್ರು: ಕೆಡವಿದರೆ ಈಗಿರೋವಷ್ಟು ರೂಮು ಮತ್ತೆ ಸಿಗಲ್ಲ. ನಿನ್ನ ಗೋಡೆ ರಸ್ತೆಯ ಅಂಚಿಗೇ ನಿಂತಿದೆ, ಎರಡು ಪಕ್ಕವೂ ನೆರೆಯವರ ಗೋಡೆಗೆ ತಾಗಿದೆ. ಹೊಸ ಕಟ್ಟಡ ಅಂದ ತಕ್ಷಣ ಮುಂದೆ ಜಾಗ ಬಿಡು, ಪಕ್ಕ ಬಿಡು, ಕಾರು ನಿಲ್ಲಿಸೋಕೆ ಬಿಡು ಅಂತ ನಿಯಮ ಬರುತ್ತೆ. ಅರಮನೆಯ ಸುತ್ತ ಎತ್ತರಕ್ಕೂ ಕಡಿವಾಣ ಇದೆ. ಹಳೇ ಕಟ್ಟಡ ಹೊಸ ನಿಯಮಕ್ಕೆ ಹೊಂದದೇ ಇರೋದೇ ನಿನ್ನ ಆಸ್ತಿ. ಅದನ್ನು ಉರುಳಿಸಿದ ದಿನ ಅದೂ ಹೋಯ್ತು.

ಯಜಮಾನಿ: ಸುಮ್ಮನೆ ಹಾಗೇ ಬಿಟ್ಟರೆ?

ಮೇಷ್ಟ್ರು: ಬಿಟ್ಟರೆ ಏನಾಗುತ್ತೆ ಅಂತ ಈ ಊರು ನೋಡಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಕಡೆ ಬಿತ್ತು. ಕೆಡವಬೇಕೋ ರಿಪೇರಿ ಮಾಡಬೇಕೋ ಅನ್ನೋ ಜಗಳ ಹೈಕೋರ್ಟಿನ ತನಕ ಹೋಯ್ತು. ಪಟ್ಟಿಗೆ ಸೇರಿದ ಕಟ್ಟಡಗಳ ಗತಿಯೇ ಹೀಗಾದರೆ, ಪಟ್ಟಿಯಲ್ಲೇ ಇಲ್ಲದ ನಿನ್ನದನ್ನು ನೀನೇ ನೋಡಿಕೊಳ್ಳಬೇಕು.

ಯಜಮಾನಿ: ಸರಿ, ನೋಡಿಕೊಳ್ತೀನಿ. ಎಲ್ಲಿಂದ ಶುರು ಮಾಡಲಿ? ಮೊದಲ ಮಹಡಿಯ ಸೀಲಿಂಗಿನಿಂದ ಸಿಮೆಂಟಿನ ಚಕ್ಕೆ ಉದುರುತ್ತೆ. ಪ್ರತಿ ವರ್ಷ ಪ್ಯಾಚ್ ಹಾಕಿಸಿ ಬಣ್ಣ ಹೊಡೆಸ್ತೀನಿ. ಮುಂದಿನ ಮಳೆಗಾಲಕ್ಕೆ ಪಕ್ಕದಲ್ಲೇ ಇನ್ನೊಂದು ಬೀಳುತ್ತೆ.

ಮೇಷ್ಟ್ರು: ಹೊಸ ಕಾಂಕ್ರೀಟಿನಲ್ಲಿ ಕ್ಷಾರ ಜಾಸ್ತಿ. ಆ ಕ್ಷಾರ ಇರೋವರೆಗೂ ಒಳಗಿನ ಕಂಬಿಗೆ ತುಕ್ಕು ಹಿಡಿಯಲ್ಲ. ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡು ವರ್ಷವರ್ಷಕ್ಕೂ ಮೇಲಿಂದ ಸ್ವಲ್ಪ ಸ್ವಲ್ಪ ಒಳಗೆ ಇಳಿದು ಕ್ಷಾರ ಕಳೆಯುತ್ತಾ ಹೋಗುತ್ತೆ. ಅದಕ್ಕೆ ಕಾರ್ಬೊನೇಷನ್ ಅಂತಾರೆ. ಅದು ಕಂಬಿ ಮುಟ್ಟಿ, ಜೊತೆಗೆ ನೀರೂ ಸಿಕ್ಕಿತೋ, ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತೆ. ಆ ಒತ್ತಡಕ್ಕೆ ಕೆಳಗಿನ ಸಿಮೆಂಟು ಸಿಡಿದು ಬೀಳುತ್ತೆ. ನಿನ್ನಜ್ಜನ ಕಾಲದಲ್ಲಿ ಸ್ಲ್ಯಾಬಿನ ಕಂಬಿಗೆ ಅರ್ಧ ಇಂಚು ಕಾಂಕ್ರೀಟಿನ ಹೊದಿಕೆ ಇದ್ದರೆ ಸಾಕು ಅಂತಿದ್ದರು. ಕೆಲವು ಕಡೆ ಮೇಸ್ತ್ರಿ ಅದನ್ನೂ ಬಿಟ್ಟಿರಲಿಕ್ಕಿಲ್ಲ. ಕಾಂಕ್ರೀಟಿಗೆ ನಮ್ಮ ದೇಶದ ಮಾನಕ, ಐಎಸ್ 456, ಮೊದಲ ಸಲ ಬಂದದ್ದೇ 1953ರಲ್ಲಿ.

ಯಜಮಾನಿ: ಅಂದರೆ ಕಟ್ಟಡ ಸತ್ತಿದೆ ಅಂತ ಅರ್ಥಾನಾ?

ಮೇಷ್ಟ್ರು: ಯಾಕೆ ಅಷ್ಟು ಅವಸರ? ಪರೀಕ್ಷೆ ಮಾಡಿಸು. ಒಂದು ಸಣ್ಣ ಗುಳಿ ತೋಡಿ, ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ಸಿಂಪಡಿಸ್ತಾರೆ. ಕ್ಷಾರ ಉಳಿದಿದ್ದರೆ ಗುಲಾಬಿ ಬಣ್ಣ ಬರುತ್ತೆ, ಕಳೆದುಹೋಗಿದ್ದರೆ ಬಣ್ಣ ಬರಲ್ಲ. ಎಷ್ಟು ಆಳದ ತನಕ ಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಕೆಲವು ಕಡೆ ಕೋರ್ ತೆಗೆದು ಒತ್ತಿ ನೋಡಿದರೆ ಬಲ ಎಷ್ಟಿದೆ ಅಂತ ತಿಳಿಯುತ್ತೆ. ಮಂಗಳೂರಾಗಿದ್ದರೆ ಕಡಲಿನ ಉಪ್ಪಿನ ಕಾಟವೂ ಸೇರುತ್ತಿತ್ತು, ಮೈಸೂರಲ್ಲಿ ಆ ಭಯ ಇಲ್ಲ. ನನ್ನ ಅಂದಾಜಿನಲ್ಲಿ ರೋಗ ಇರೋದು ಬಚ್ಚಲುಗಳ ಕೆಳಗೆ ಮತ್ತು ತಾರಸಿಯ ಟ್ಯಾಂಕುಗಳ ಕೆಳಗೆ. ಬೇರೆ ಕಡೆ ಒಣಗಿದೆ. ಒಣ ಕಾಂಕ್ರೀಟಿನಲ್ಲಿ ಕ್ಷಾರ ಕಳೆದರೂ ತುಕ್ಕು ಹೆಚ್ಚು ಮುಂದುವರಿಯಲ್ಲ.

ಯಜಮಾನಿ: ಬಚ್ಚಲಿನ ಭಾರ ಅಂದಿರಲ್ಲ, ಅದೇನು?

ಮೇಷ್ಟ್ರು: ನಿನ್ನಜ್ಜ ಕಟ್ಟಿಸಿದಾಗ ರೂಮಿನೊಳಗೆ ಬಚ್ಚಲು ಇರಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಸಾಲಾಗಿ ಇದ್ದವು, ಬಿಸಿನೀರು ಬೆಳಿಗ್ಗೆ ಹಂಡೆಯಿಂದ. ಆಮೇಲೆ ನಿಮ್ಮಪ್ಪನ ಕಾಲಕ್ಕೆ ಗಿರಾಕಿಗಳು ಅಟ್ಯಾಚ್ಡ್ ಬೇಕು ಅಂದರು. ಪ್ರತಿ ರೂಮಿನ ಮೂಲೆಯಲ್ಲಿ ಗೋಡೆ ಎಬ್ಬಿಸಿ, ಪೈಪಿಗೆ ಇಳಿಜಾರು ಬೇಕಲ್ಲ ಅಂತ ನೆಲವನ್ನು ಎಂಟಿಂಚು ಏರಿಸಿದರು. ಇಟ್ಟಿಗೆ ಚೂರು, ಗಾರೆ ತುಂಬಿಸಿದರು. ಐದಡಿ ಏಳಡಿಯ ಬಚ್ಚಲಿಗೆ ಆ ತುಂಬಿದ್ದೇ ಒಂದು ಟನ್ನಿನ ಮೇಲಾಗುತ್ತೆ. ಅದನ್ನು ಹೊರೋಕೆ ಅಂತ ಹಾಕಿದ ಸ್ಲ್ಯಾಬಲ್ಲ ಅದು. ಆ ತುಂಬಿದ್ದರೊಳಗೆ ಜಿಐ ಪೈಪು ಹೂತಿದೆ. ಪೈಪು ತುಕ್ಕು ಹಿಡಿದು ಜಿನುಗ್ತಿದೆ, ತುಂಬಿದ ಇಟ್ಟಿಗೆ ಚೂರು ನೀರು ಹೀರಿಕೊಂಡು ಕೂತಿದೆ, ಕೆಳಗಿನ ಕಂಬಿಗೆ ದಿನವೂ ಸ್ನಾನ. ನೀನು ಸೀಲಿಂಗಿಗೆ ಪ್ಯಾಚ್ ಹಾಕಿಸ್ತಿದ್ದೀಯ.

ಯಜಮಾನಿ: ಹಾಗಾದರೆ ಎಲ್ಲ ಬಚ್ಚಲನ್ನೂ ಒಡೀಬೇಕು.

ಮೇಷ್ಟ್ರು: ಎಲ್ಲವನ್ನೂ. ಮೇಲಿನ ಭಾರ ಇಳಿಸಿ, ಕೆಳಗೆ ಜಾಕಿ ಕೊಟ್ಟು, ಸಡಿಲಾದ ಕಾಂಕ್ರೀಟನ್ನು ಕಂಬಿಯ ಹಿಂಭಾಗದ ತನಕ ಕೆತ್ತಿ ತೆಗೆದು, ಕಂಬಿಯ ತುಕ್ಕು ಉಜ್ಜಿ, ಸವೆದಿದ್ದರೆ ಹೊಸ ಕಂಬಿ ಜೋಡಿಸಿ, ಆಮೇಲೆ ಪಾಲಿಮರ್ ಗಾರೆ. ಪೈಪುಗಳು ಇನ್ನು ಮೇಲೆ ನೆಲದೊಳಗೆ ಹೂಳೋದು ಬೇಡ. ಎರಡೆರಡು ಬಚ್ಚಲಿನ ನಡುವೆ ಒಂದು ಡಕ್ಟ್, ಅದಕ್ಕೆ ಕಾರಿಡಾರಿನಿಂದ ಬಾಗಿಲು. ಪ್ಲಂಬರ್ ಬಂದರೆ ಟೈಲ್ಸ್ ಒಡೀದೇ ಕೆಲಸ ಮುಗಿಸಿ ಹೋಗಬೇಕು.

ಯಜಮಾನಿ: ಅದಕ್ಕೇ ಇರೋ ದುಡ್ಡೆಲ್ಲ ಹೋಗುತ್ತೆ! ನನ್ನ ಲೆಕ್ಕವನ್ನೂ ಸ್ವಲ್ಪ ಕೇಳಿ ಮೇಷ್ಟ್ರೇ. 2023ರ ಮಾರ್ಚಿನಲ್ಲಿ ಬೆಂಗಳೂರಿನ ಹೆದ್ದಾರಿ ಶುರುವಾದ ಮೇಲೆ ಜನ ಬೆಳಿಗ್ಗೆ ಬಂದು ಅರಮನೆ, ಬೆಟ್ಟ, ಮೃಗಾಲಯ ನೋಡಿ ರಾತ್ರಿ ಊಟಕ್ಕೆ ಮನೆ ಸೇರ್ತಾರೆ. ರೂಮು ಯಾಕೆ ಬೇಕು? ತೆರಿಗೆ ಇನ್ನೊಂದು ಕಥೆ. 2022ರ ಜುಲೈ ತನಕ ಸಾವಿರದೊಳಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ, ಆಮೇಲೆ ಶೇಕಡಾ 12 ಬಂತು. 2025ರ ಸೆಪ್ಟೆಂಬರಿನಿಂದ 7,500ರ ತನಕ ಶೇಕಡಾ 5 ಆಗಿದೆ. ಗಿರಾಕಿಗೆ ಒಳ್ಳೇದೇ. ಆದರೆ ನಾವು ಕೊಳ್ಳೋದರ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರಲ್ಲ, ಪೂರ್ತಿ ನನ್ನ ತಲೆ ಮೇಲೆ. ನಾನು ರೂಮಿನ ದರ ಏರಿಸಲೇಬೇಕು. ಏರಿಸೋಕೆ ಮೊಬೈಲಿನಲ್ಲಿ ಫೋಟೋ ಚೆನ್ನಾಗಿ ಬರಬೇಕು. ಡಕ್ಟಿನ ಫೋಟೋ ಹಾಕೋಕಾಗುತ್ತಾ?

ಮೇಷ್ಟ್ರು: ಆಗಲ್ಲ, ಒಪ್ಪಿದೆ. ಫೋಟೋಗೆ ಬೇಕಾದ್ದು ನಿನ್ನ ಹತ್ತಿರ ಮೊದಲೇ ಇದೆ, ಅದನ್ನು ನೀನು ಮುಚ್ಚೋಕೆ ಹೊರಟಿದ್ದೀಯ. ಕಾರಿಡಾರಿನ ಮೊಸಾಯಿಕ್ ನೆಲ ನೋಡು. ಕಪ್ಪು ಪಟ್ಟಿ, ಹಸಿರು ಚಿಪ್ಸ್, ಹಿತ್ತಾಳೆ ಗೆರೆ. ಹಾಗೆ ಎರಕ ಹೊಯ್ದು ಉಜ್ಜೋ ಮೇಸ್ತ್ರಿಗಳು ಈಗ ಹುಡುಕಿದರೂ ಸಿಗೋದು ಕಷ್ಟ. ಅದರ ಮೇಲೆ ಮಾರ್ಬಲ್ ಹಾಸಿದರೆ ಮತ್ತೆ ಭಾರ, ಮತ್ತೆ ಖರ್ಚು. ಮೆಷಿನ್ ತರಿಸಿ ಪಾಲಿಶ್ ಮಾಡಿಸು. ತೇಗದ ಕೈಹಿಡಿಗೆ ಬಳಿದ ಎಣ್ಣೆ ಬಣ್ಣ ಕೆರೆಸು. ಮರದ ಪ್ಯಾನೆಲ್ ಮಾತ್ರ ಖಂಡಿತಾ ಬೇಡ.

ಯಜಮಾನಿ: ಅದರ ಮೇಲೇಕೆ ಅಷ್ಟು ಸಿಟ್ಟು?

ಮೇಷ್ಟ್ರು: 2019ರ ಫೆಬ್ರುವರಿಯಲ್ಲಿ ದೆಹಲಿಯ ಕರೋಲ್ ಬಾಗಿನ ಒಂದು ಹೋಟೆಲಿನಲ್ಲಿ ಬೆಂಕಿ ಬಿದ್ದು 17 ಜನ ಸತ್ತರು. ಬೆಳಗಿನ ಜಾವ, ಎಲ್ಲರೂ ನಿದ್ದೆಯಲ್ಲಿ. ಕಾರಿಡಾರಿನ ಮರದ ಹೊದಿಕೆ ಹಿಡಿದುಕೊಂಡು ಬೆಂಕಿ ಹರಡಿತು ಅಂತ ಆಗ ಪತ್ರಿಕೆಗಳು ಬರೆದವು. ಹೋಟೆಲಿನ ಬೆಂಕಿಯಲ್ಲಿ ಜನ ಸಾಯೋದು ಹೆಚ್ಚಾಗಿ ಹೊಗೆಯಿಂದ. ಗೊತ್ತಿಲ್ಲದ ಊರು, ಗೊತ್ತಿಲ್ಲದ ದಾರಿ, ಕತ್ತಲು. ನಿನ್ನಲ್ಲಿ ಇರೋದು ಒಂದೇ ಮೆಟ್ಟಿಲು, ಅದೂ ತೆರೆದ ಮೆಟ್ಟಿಲು. ಇಷ್ಟು ವರ್ಷ ಇದು ನಡೆದಿದ್ದು ತೊಟ್ಟಿಯಿಂದ. ಹೊಗೆ ಎದ್ದರೆ ನೇರ ಆಕಾಶಕ್ಕೆ ಹೋಗುತ್ತೆ. ಅದರ ಬಾಯಿಗೆ ಶೀಟು ಹೊದಿಸಿದೆ ಅನ್ನು, ಅದೇ ಹೊಗೆ ಎಲ್ಲ ಮಹಡಿಯ ಕಾರಿಡಾರಿಗೂ ತಿರುಗುತ್ತೆ.

ಯಜಮಾನಿ: ಮಳೆಗೆ ಏನು ಮಾಡಲಿ? ಅಕ್ಟೋಬರಿನಲ್ಲಿ, ಸರಿಯಾಗಿ ದಸರಾ ಹೊತ್ತಿಗೆ ಹುಯ್ಯುತ್ತೆ. ಕಾರಿಡಾರೆಲ್ಲ ನೀರು. ವಯಸ್ಸಾದವರು ಜಾರಿ ಬಿದ್ದರೆ?

ಮೇಷ್ಟ್ರು: ಈ ಮಾತು ಸರಿ. ಹಾಗಾದರೆ ತಾರಸಿಯಿಂದ ನಾಲ್ಕಡಿ ಎತ್ತರಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ ಗಾಜಿನ ಮಾಡು ಹಾಕು. ಅಂಚು ತಾರಸಿಯ ಮೇಲಕ್ಕೆ ಚಾಚಿರಲಿ. ನಾಲ್ಕೂ ಪಕ್ಕ ತೆರೆದಿರಲಿ. ಇರಚಲು ಬಾರದು, ಗಾಳಿ ಹೊಗೆ ಎರಡೂ ಹೋಗುತ್ತೆ. ತೊಟ್ಟಿಗೆ ಏಸಿ ಹಾಕೋ ಆಸೆ ಬಿಡು. ಈ ಕಟ್ಟಡದ ಅಸಲು ಬುದ್ಧಿ ಇರೋದು ಅಲ್ಲೇ. ಬೀದಿಯ ಕಡೆ ಕಿಟಕಿ, ತೊಟ್ಟಿಯ ಕಡೆ ಬಾಗಿಲ ಮೇಲೆ ವೆಂಟಿಲೇಟರು. ಬಿಸಿಗಾಳಿ ತೊಟ್ಟಿಯಿಂದ ಮೇಲೇರಿದ ಹಾಗೆ ಬೀದಿಯ ಗಾಳಿ ರೂಮು ದಾಟಿ ಒಳಗೆ ಬರುತ್ತೆ. ಸಜ್ಜೆ ಮಧ್ಯಾಹ್ನದ ಬಿಸಿಲು ತಡೆಯುತ್ತೆ. ಕರೆಂಟು ಯಾವಾಗ ಹೋಗುತ್ತೋ ಅನ್ನೋ ಕಾಲದಲ್ಲಿ ನಿನ್ನಜ್ಜ ಫ್ಯಾನನ್ನೂ ನೆಚ್ಚಿ ಕೂರಲಿಲ್ಲ.

ಯಜಮಾನಿ: ಈಗ ಫ್ಯಾನು ಸಾಕು ಅಂದರೆ ಗಿರಾಕಿ ಎದ್ದು ಹೋಗ್ತಾನೆ. ಏಪ್ರಿಲ್ಲಿನಲ್ಲಿ ಏಸಿ ಇಲ್ಲದ ರೂಮನ್ನು ಮೂರು ಸಾವಿರಕ್ಕೆ ಕೊಡೋಕಾಗಲ್ಲ. ಬೀದಿ ಕಡೆಯ ಕಿಟಕಿ ತೆಗೆದರೆ ರಾತ್ರಿ ಹನ್ನೊಂದರ ತನಕ ಹಾರ್ನು, ಬೆಳಗಿನ ಜಾವ ಮಾರುಕಟ್ಟೆಗೆ ಬರೋ ಹೂವಿನ ಗಾಡಿಗಳ ಗಲಾಟೆ. ನಿಮ್ಮ ಗಾಳಿ ಒಳ್ಳೇದೇ, ಅದರ ಜೊತೆ ಸದ್ದೂ ಬರುತ್ತೆ.

ಮೇಷ್ಟ್ರು: ಈ ಸದ್ದು ಅಜ್ಜನ ಕಾಲದಲ್ಲಿ ಇರಲಿಲ್ಲ, ಅದನ್ನು ನಾನು ಮರೀಬಾರದು. ಬೀದಿ ಕಡೆಯ ರೂಮುಗಳಿಗೆ ಏಸಿ ಹಾಕು, ಕಿಟಕಿಗೆ ಒಳಗಿನಿಂದ ಇನ್ನೊಂದು ಗಾಜಿನ ಬಾಗಿಲು ಕೂರಿಸು. ಹೊರಗಿನ ತೇಗದ ಚೌಕಟ್ಟು ಹಾಗೇ ಇರಲಿ. ಏಸಿಯ ಹೊರಗಿನ ಪೆಟ್ಟಿಗೆ ಮಾತ್ರ ಮುಂಭಾಗದಲ್ಲಿ ನೇತಾಡಬಾರದು, ತಾರಸಿಗೆ ಹೋಗಲಿ. ಕಿಟಕಿಯನ್ನು ಇಟ್ಟಿಗೆ ಹಾಕಿ ಮುಚ್ಚಬೇಡ. ಬೆಂಕಿ ಬಿದ್ದರೆ ಮೆಟ್ಟಿಲಿಗೆ ಬದಲು ಅದೇ ದಾರಿ. ತೊಟ್ಟಿ ಕಡೆಯ ರೂಮುಗಳಿಗೆ ಫ್ಯಾನು ಸಾಕು, ದರವೂ ಕಡಿಮೆ ಇರಲಿ. ಆಷಾಢದಲ್ಲಿ ಬೆಟ್ಟಕ್ಕೆ ಬರೋರು, ನಂಜನಗೂಡಿಗೆ ಹೋಗೋರು, ನಾಲ್ಕು ಮಂಚದ ರೂಮು ಕೇಳೋ ಸಂಸಾರದವರು ಅವನ್ನು ತಗೋತಾರೆ. ಹೆದ್ದಾರಿ ಬಂದರೂ ಒಂದು ರಾತ್ರಿ ಉಳಿಯೋ ಜನ ಅವರು.

ಯಜಮಾನಿ: ವಯಸ್ಸಾದವರು ಅಂದಮೇಲೆ ಲಿಫ್ಟು ಬೇಕು. ಅದನ್ನು ತೊಟ್ಟಿಯ ಮೂಲೆಗೆ ಹಾಕ್ತಾನಂತೆ.

ಮೇಷ್ಟ್ರು: ಲಿಫ್ಟು ಬೇಕೇ ಬೇಕು, ತೊಟ್ಟಿಯಲ್ಲಿ ಬೇಡ. ಲಿಫ್ಟಿಗೆ ನೆಲದ ಕೆಳಗೆ ನಾಲ್ಕೈದಡಿ ಗುಂಡಿ ತೋಡಬೇಕು. ಪಕ್ಕದಲ್ಲೇ ನಿನ್ನ ಕಂಬಗಳ ಪಾಯ ಇದೆ. ಅದರ ಮಗ್ಗುಲ ಮಣ್ಣು ಸಡಿಲಾದರೆ ಕಂಬ ಕೂರುತ್ತೆ. ಹಿಂದಿನ ಗಲ್ಲಿಯ ಕಡೆ ಉಗ್ರಾಣದ ಶೀಟಿನ ಮನೆ ಇದೆಯಲ್ಲ, ಅದನ್ನು ತೆಗೆದು ಅಲ್ಲಿ ಉಕ್ಕಿನ ಚೌಕಟ್ಟು ನಿಲ್ಲಿಸು. ಅದರ ಪಾಯ ಬೇರೆ, ಭಾರ ಬೇರೆ, ಹಳೇ ಕಟ್ಟಡದ ಮೇಲೆ ಏನೂ ಬೀಳಬಾರದು. ಪ್ರತಿ ಮಹಡಿಯಲ್ಲೂ ಕಾರಿಡಾರಿನ ಕೊನೆಯ ಕಿಟಕಿಯನ್ನು ಬಾಗಿಲು ಮಾಡಿದರೆ ಸಾಕು. ಅದರ ಪಕ್ಕಕ್ಕೇ ಇನ್ನೊಂದು ಮೆಟ್ಟಿಲು ಹಾಕು. ಎರಡನೇ ದಾರಿಯೂ ಆಯ್ತು, ಅಗ್ನಿಶಾಮಕದವರಿಗೆ ಉತ್ತರವೂ ಆಯ್ತು.

ಯಜಮಾನಿ: ಹಾಗಾದರೆ ಹಳೇದನ್ನು ಉಳಿಸೋದು ಅಂದರೆ ನಿಮ್ಮ ಪ್ರಕಾರ ಏನು? ಟೋಕಿಯೊದ ಹೋಟೆಲ್ ಒಕುರಾ ಬಗ್ಗೆ ಓದಿದೆ. 1962ರ ಕಟ್ಟಡ. 2015ರಲ್ಲಿ ಕೆಡವಿದರು. 2019ರಲ್ಲಿ ತೆರೆದ ಹೊಸ ಗೋಪುರದೊಳಗೆ ಹಳೇ ಲಾಬಿಯನ್ನು ಮತ್ತೆ ಹಾಗೇ ಮಾಡಿದರಂತೆ. ಮೊದಲು ಮಾಡಿದ್ದು ಯೊಶಿರೊ ತಾನಿಗುಚಿ, ಮರಳಿ ಮಾಡಿದ್ದು ಅವರ ಮಗ. ನಾವೂ ಲಾಬಿಯೊಂದನ್ನು ಉಳಿಸಿ ಮಿಕ್ಕಿದ್ದು ಹೊಸದು ಮಾಡಬಹುದಲ್ಲ?

ಮೇಷ್ಟ್ರು: ಕೋಪನ್‌ಹೇಗನ್ನಿನಲ್ಲೂ ಅಂಥದ್ದೊಂದಿದೆ. ಆರ್ನೆ ಯಾಕೊಬ್ಸೆನ್ 1960ರಲ್ಲಿ ಮುಗಿಸಿದ ಹೋಟೆಲು. ಕುರ್ಚಿಯಿಂದ ಹಿಡಿದು ಊಟದ ಚಮಚದ ತನಕ ಎಲ್ಲದರ ವಿನ್ಯಾಸವೂ ಅವನದೇ. ಕಾಲಕಾಲಕ್ಕೆ ರೂಮುಗಳನ್ನು ಬದಲಾಯಿಸ್ತಾ ಬಂದು ಕೊನೆಗೆ ಮೊದಲಿದ್ದ ಹಾಗೆ ಉಳಿದಿದ್ದು 606ನೇ ನಂಬರಿನ ಒಂದೇ ರೂಮು. ಅವರಿಗೆ ಅದು ಸರಿ. ಲಾಬಿ, ಕುರ್ಚಿ ಅಂದರೇ ಆ ಹೋಟೆಲುಗಳ ಹೆಸರು. ನಿನ್ನ ಲಾಬಿಯಲ್ಲಿ ಏನಿದೆ? ಒಂದು ಕೌಂಟರು, ಕೀಲಿ ನೇತುಹಾಕೋ ಹಲಗೆ, ದೇವರ ಪಟ. ನಿನ್ನಜ್ಜ ದೊಡ್ಡ ಆರ್ಕಿಟೆಕ್ಟನ್ನು ಕರೆಸಲಿಲ್ಲ. ಅವರು ಕಟ್ಟಿಸಿದ್ದು ಒಂದು ರೀತಿಯ ವಾಸ: ತೊಟ್ಟಿ, ಕಾರಿಡಾರು, ಗಾಳಿ, ನೆರಳು, ಕೆಳಗೆ ಬೆಳಿಗ್ಗೆಯೇ ಸಿಗೋ ಇಡ್ಲಿ ಕಾಫಿ. ಒಂದು ರೂಮನ್ನು ಮಾದರಿಗೆ ಇಟ್ಟರೆ ಅದು ಉಳಿಯಲ್ಲ. ಇಡೀ ಕಟ್ಟಡ ಕೆಲಸ ಮಾಡ್ತಾ ಇರಬೇಕು. ಅದಕ್ಕೇ ಮೊದಲ ದುಡ್ಡು ಕೊಳಾಯಿಗೆ ಹೋಗಲಿ ಅಂತ ನಾನು ಹಟ ಹಿಡಿದಿರೋದು.

ಯಜಮಾನಿ: ಹೋಟೆಲು ಮುಚ್ಚಿ ಇದೆಲ್ಲ ಮಾಡೋಕಾಗಲ್ಲ. ಅಡುಗೆಯವರಿಗೂ ರೂಮ್ ಬಾಯ್‌ಗಳಿಗೂ ಸಂಬಳ ಕೊಡಬೇಕು. ಒಮ್ಮೆ ಕಳಿಸಿದರೆ ಅವರು ಬೇರೆ ಕಡೆ ಸೇರಿಬಿಡ್ತಾರೆ. ಕೆಳಗಿನ ಅಂಗಡಿಯವರು ಇನ್ನೂ ಹಳೇ ಬಾಡಿಗೆಯಲ್ಲೇ ಇದ್ದಾರೆ, ಅಲುಗಾಡೋ ಪೈಕಿ ಅಲ್ಲ.

ಮೇಷ್ಟ್ರು: ಅಂಗಡಿಯವರನ್ನು ಅಲುಗಾಡಿಸಬೇಡ, ಮಾತಾಡಿಸು. ಅವರ ಫಾಲ್ಸ್ ಸೀಲಿಂಗಿನ ಮೇಲೂ ಇದೇ ತೊಲೆ, ಇದೇ ಸ್ಲ್ಯಾಬು. ಅದನ್ನು ಬಿಚ್ಚಿ ತೋರಿಸಿದರೆ ಅವರೂ ಹೆದರಿ ಒಪ್ತಾರೆ. ಹೋಟೆಲು ಮುಚ್ಚೋದು ಬೇಡ. ದಸರಾ ಮುಗಿದ ಮೇಲೆ ಹಿಂದಿನ ಭಾಗ ಖಾಲಿ ಮಾಡು. ಮೇಲಿನ ಮಹಡಿಯಿಂದ ಕೆಳಗೆ ಬಾ. ಒಂದು ಡಕ್ಟಿಗೆ ಸೇರಿದ ಎಲ್ಲ ಬಚ್ಚಲನ್ನೂ ಒಟ್ಟಿಗೆ ಮುಗಿಸು, ಆಮೇಲೆ ಮುಂದಿನ ಡಕ್ಟು. ಹಳೇ ವೈರಿಂಗೂ ಅದೇ ಸರದಿಯಲ್ಲಿ ಹೋಗಲಿ. ಗೀಸರು, ಏಸಿ ಅಂದರೆ ಅದಕ್ಕೆ ತಾಳೋ ಶಕ್ತಿ ಇಲ್ಲ. ಎಲ್ಲಕ್ಕಿಂತ ಮೊದಲು, ಈ ವಾರವೇ, ತಾರಸಿಯ ನಡುವೆ ಕೂರಿಸಿರೋ ಟ್ಯಾಂಕುಗಳನ್ನು ಖಾಲಿ ಮಾಡಿ ಗೋಡೆ, ತೊಲೆ ಕೂಡೋ ಜಾಗಕ್ಕೆ ಸರಿಸು. ಅದಕ್ಕೆ ನಕ್ಷೆಯೂ ಬೇಡ, ಸಾಲವೂ ಬೇಡ.

ಯಜಮಾನಿ: ಲಾಬಿಯ ಸರದಿ ಬರೋವಷ್ಟರಲ್ಲಿ ದುಡ್ಡು ಮುಗಿದಿದ್ದರೆ?

ಮೇಷ್ಟ್ರು: ಸುಣ್ಣ ಹೊಡೆಸು, ಮೊಸಾಯಿಕ್ ಉಜ್ಜಿಸು, ಟ್ಯೂಬ್‌ಲೈಟು ತೆಗೆದು ಹಳದಿ ದೀಪ ಹಾಕು.

ಯಜಮಾನಿ: ಸುಣ್ಣದ ಲಾಬಿ ನೋಡಿ ಮೂರು ಸಾವಿರ ಯಾರು ಕೊಡ್ತಾರೆ ಮೇಷ್ಟ್ರೇ?

ಮೇಷ್ಟ್ರು: ಮೊದಲನೇ ಸಲ ಬರೋನು ಚೌಕಾಸಿ ಮಾಡಬಹುದು. ನಲ್ಲಿ ತಿರುಗಿಸಿದರೆ ಬಿಸಿನೀರು ಬಂದು, ಬಚ್ಚಲಲ್ಲಿ ವಾಸನೆ ಇಲ್ಲದೇ, ಹಾಸಿಗೆ ಮೇಲೆ ಸಿಮೆಂಟು ಉದುರದೇ ಹೋದರೆ ಎರಡನೇ ಸಲ ಚೌಕಾಸಿ ಮಾಡಲ್ಲ. ಹೋಟೆಲು ನಡೆಯೋದು ಎರಡನೇ ಸಲ ಬರೋರಿಂದ. ಇದನ್ನು ನಿನಗೆ ನಾನು ಹೇಳಿಕೊಡಬೇಕಾ?

ಯಜಮಾನಿ: ಬೇಡ. ಕಾಮೆಂಟುಗಳಲ್ಲಿ ಬೈಗುಳ ಬರೋದೆಲ್ಲ ಬಚ್ಚಲಿನ ಬಗ್ಗೇನೇ. ಮುಂಭಾಗದ ಬಗ್ಗೆ ಇವತ್ತಿನ ತನಕ ಯಾರೂ ದೂರಿಲ್ಲ, ಅದು ಚುಚ್ಚುತ್ತಿದ್ದಿದ್ದು ನನಗೊಬ್ಬಳಿಗೇ. ಸರಿ, ಕಮಾನು ಬಿಟ್ಟೆ, ಗುಮ್ಮಟ ಬಿಟ್ಟೆ. ಟ್ಯಾಂಕು ನಾಳೆ ಖಾಲಿ ಮಾಡಿಸ್ತೀನಿ, ಪರೀಕ್ಷೆ ಮಾಡೋರನ್ನು ನೀವು ಕರೆಸಿ. ಬೀದಿ ಕಡೆಯ ರೂಮಿಗೆ ಏಸಿ, ಹಿಂದಿನ ಗಲ್ಲಿಗೆ ಲಿಫ್ಟು, ಈ ಎರಡರಲ್ಲಿ ನಾನು ಒಂದು ರೂಪಾಯಿಯೂ ಕಡಿಮೆ ಮಾಡಲ್ಲ. ಆ ಗುತ್ತಿಗೆದಾರ ಮಾತ್ರ ನಾಳೆ ಅಡ್ವಾನ್ಸಿಗೆ ಬರ್ತಾನೆ. ಗುಮ್ಮಟ ಬೇಡ ಅಂತ ಅವನಿಗೆ ನೀವೇ ಹೇಳಬೇಕು. ನಾನು ಹೇಳಿದರೆ ಬಣ್ಣ ಬದಲಾಯಿಸಿ ಇನ್ನೊಂದು ಗುಮ್ಮಟ ತೋರಿಸ್ತಾನೆ.